ಚಳಿಸೀಮೆಯ ತೋಟಕ್ಕೆ ಹೊದಿಕೆ ಬೆಳೆ: ಆರಿಸುವುದು ಹೇಗೆ?

ಆಲೂಗಡ್ಡೆಯನ್ನು ಅಗೆದು, ಮೂಟೆ ಕಟ್ಟಿ, ಮೇಟ್ಟುಪಾಳ್ಯದ ಮಂಡಿಗೆ ಸಾಗಿಸಿ ಆಯಿತು. ಭಾದ್ರಪದ ಮುಗಿಯುತ್ತ ಬಂದಿದೆ. ಹೊಲ ಬರಿ ಮೈಯಲ್ಲಿ ಮಲಗಿದೆ. ಗೆಡ್ಡೆ ಅಗೆದುದರಿಂದ ಮಣ್ಣು ಹುಡಿಹುಡಿಯಾಗಿ ಸಡಿಲಗೊಂಡಿದೆ. ಇನ್ನು ಮೂರು ನಾಲ್ಕು ವಾರಗಳಲ್ಲಿ ಹಿಂಗಾರು ಮಳೆ ಬೆಟ್ಟಕ್ಕೆ ಬಂದು ಬಡಿಯುವುದು. ಆ ಮಳೆಯ ಮರುದಿನ ಹಳ್ಳದ ನೀರಿನ ಬಣ್ಣವನ್ನು ಒಮ್ಮೆ ನೋಡಿರಿ. ಕೆಂಪಗೆ ಹರಿಯುತ್ತಿರುವುದು ಬರಿಯ ನೀರಲ್ಲ. ನಮ್ಮ ಹಿರಿಯರು ಕಾಪಾಡಿಕೊಂಡು ಬಂದ ಮೇಲ್ಮಣ್ಣು ಅದು.

ಉದಕಮಂಡಲ, ಕೂನೂರು, ಕೋಟಗಿರಿ ಕಡೆಯ ಹಟ್ಟಿಗಳಲ್ಲಿ ತರಕಾರಿ ಬೆಳೆಯುವ ರೈತ ಬಾಂಧವರಿಗೆ ಈ ವಾರದ ಪಾಠವು ಮುಖ್ಯವಾಗಿ ಸಲ್ಲುತ್ತದೆ. ಮಳೆಯ ಕೊನೆಯಿಂದ ಚಳಿಯ ಕೊನೆಯವರೆಗೆ ಹೊಲವನ್ನು ಬರಿದಾಗಿ ಬಿಡದೆ, ಅದರ ಮೇಲೆ ಒಂದು ಹಸುರು ಹೊದಿಕೆಯನ್ನು ಬೆಳೆಸುವುದು ಹೇಗೆ, ಯಾವ ಬೆಳೆಯನ್ನು ಆರಿಸಬೇಕು ಎಂಬುದೇ ವಿಷಯ.

"ಅಪ್ಪಾ, ತಿನ್ನಲಾಗದ, ಮಾರಲಾಗದ ಬೆಳೆಗೆ ದುಡ್ಡು ಕೊಟ್ಟು ಬೀಜ ತಂದು ಬಿತ್ತಬೇಕೆ?" ಎಂದು ಒಬ್ಬ ಹಿರಿಯ ರೈತರು ನಮ್ಮನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಮೂವತ್ತು ಸೆಂಟು ಭೂಮಿಯಲ್ಲಿ ಸಂಸಾರ ಸಾಗಿಸುವವರು ಮೂರು ತಿಂಗಳು ನೆಲವನ್ನು ಹಣ ತರದ ಬೆಳೆಗೆ ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಆದ್ದರಿಂದ ಲಾಭನಷ್ಟಗಳೆರಡನ್ನೂ ಮುಚ್ಚುಮರೆಯಿಲ್ಲದೆ ಇಲ್ಲಿ ಹೇಳುತ್ತೇವೆ.

ಹೊದಿಕೆ ಬೆಳೆ ಎಂದರೇನು?

ಕೊಯ್ದು ಮಾರುವುದಕ್ಕಲ್ಲದೆ, ಮಣ್ಣನ್ನು ಮುಚ್ಚುವುದಕ್ಕೂ ಮಣ್ಣಿಗೆ ಉಣಿಸುವುದಕ್ಕೂ ಬೆಳೆಸುವ ಬೆಳೆಯೇ ಹೊದಿಕೆ ಬೆಳೆ. ಇದು ಮಾಡುವ ಕೆಲಸ ನಾಲ್ಕು ಬಗೆಯದು. ಮೊದಲನೆಯದಾಗಿ, ಮಳೆಯ ಹನಿ ನೆಲಕ್ಕೆ ನೇರವಾಗಿ ಬಡಿಯದಂತೆ ಎಲೆಗಳು ತಡೆಯುತ್ತವೆ. ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ. ಎರಡನೆಯದಾಗಿ, ಹಿಂದಿನ ಬೆಳೆ ತಿಂದು ಬಿಟ್ಟ ಗೊಬ್ಬರದ ಸಾರವು ಮಳೆನೀರಿನಲ್ಲಿ ಕರಗಿ ಆಳಕ್ಕೆ ಇಳಿದು ಪೋಲಾಗುವ ಮುನ್ನ ಈ ಬೆಳೆ ಅದನ್ನು ಹೀರಿ ತನ್ನ ಮೈಯಲ್ಲಿ ಕೂಡಿಡುತ್ತದೆ. ಮೂರನೆಯದಾಗಿ, ದ್ವಿದಳ ಜಾತಿಯ ಬೆಳೆಯಾದರೆ ಬೇರಿನ ಗಂಟುಗಳಲ್ಲಿರುವ ಜೀವಾಣುಗಳ ಮೂಲಕ ಗಾಳಿಯ ಸಾರಜನಕವನ್ನು ಮಣ್ಣಿಗೆ ತರುತ್ತದೆ. ನಾಲ್ಕನೆಯದಾಗಿ, ಕೊಳೆತ ಮೇಲೆ ಮಣ್ಣನ್ನು ಮೆದುಗೊಳಿಸಿ, ನೀರು ಹಿಡಿಯುವ ಶಕ್ತಿಯನ್ನು ಹೆಚ್ಚಿಸುತ್ತದೆ.

ಈ ನಾಲ್ಕನ್ನೂ ಸಮನಾಗಿ ಮಾಡುವ ಬೆಳೆ ಒಂದೂ ಇಲ್ಲ. ಆದುದರಿಂದಲೇ ಆರಿಸುವ ಪ್ರಶ್ನೆ ಬರುತ್ತದೆ.

ಬೇರೆ ಚಳಿದೇಶದವರು ಏನು ಮಾಡುತ್ತಾರೆ?

ಅಮೆರಿಕದ ಉತ್ತರಭಾಗದ ಮಿನ್ನೆಸೋಟ, ವರ್ಮಾಂಟ್ ಮುಂತಾದ ಸೀಮೆಗಳಲ್ಲಿ ಚಳಿಗಾಲಕ್ಕೆ ನೆಲವೇ ಹೆಪ್ಪುಗಟ್ಟುತ್ತದೆ. ಮೇಲೆ ಹಿಮ ಕೂರುತ್ತದೆ. ಅಲ್ಲಿನ ರೈತರು ಶರತ್ಕಾಲದ ಹೊದಿಕೆ ಬೆಳೆಗಳನ್ನು ಎರಡು ಗುಂಪಾಗಿ ವಿಂಗಡಿಸುತ್ತಾರೆ: ಚಳಿಗೆ ಸಾಯುವವು, ಚಳಿಯನ್ನು ದಾಟಿ ಬದುಕುವವು.

ಓಟ್ಸ್, ಅಂದರೆ ತೋಕೆಗೋಧಿ, ಮೊದಲ ಗುಂಪಿಗೆ ಸೇರಿದ್ದು. ಬೇಸಿಗೆಯ ಕೊನೆಯಲ್ಲಿ ಬಿತ್ತಿದರೆ ಬೇಗನೆ ಎದ್ದು ನೆಲ ಮುಚ್ಚುತ್ತದೆ. ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗಿನ ಚಳಿ ಕೆಲವು ರಾತ್ರಿ ಮುಂದುವರಿದರೆ ಸತ್ತು ಚಾಪೆಯಂತೆ ಮಲಗುತ್ತದೆ. ವಸಂತದಲ್ಲಿ ರೈತ ಆ ಚಾಪೆಯನ್ನು ಸರಿಸಿ ನಾಟಿ ಮಾಡುತ್ತಾನೆ, ಕೊಯ್ಯುವ ಶ್ರಮವಿಲ್ಲ. ಎರಡನೆಯ ಗುಂಪಿನ ಮುಖ್ಯ ಬೆಳೆ ರೈ ಎಂಬ ಧಾನ್ಯ. ಇದರ ಬೀಜ ಬಹು ತಣ್ಣನೆಯ ಮಣ್ಣಿನಲ್ಲಿಯೂ ಮೊಳೆಯುತ್ತದೆ. ಚೆನ್ನಾಗಿ ಬೇರೂರಿದ ಪೈರು ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯನ್ನೂ ತಾಳುತ್ತದೆ. ಇದರ ಜೊತೆಗೆ ವೆಚ್ ಎಂಬ ಬಳ್ಳಿಯಂಥ ದ್ವಿದಳ ಗಿಡವನ್ನು ಬೆರೆಸಿ ಬಿತ್ತುವುದುಂಟು. ರೈ ಆಸರೆ ಕೊಡುತ್ತದೆ, ವೆಚ್ ಸಾರಜನಕ ಕೊಡುತ್ತದೆ.

ಈ ವಿವರಗಳನ್ನು ಓದಿ ಹಾಗೆಯೇ ನಕಲು ಮಾಡುವುದು ಸಲ್ಲದು. ಪುಸ್ತಕದ ಚಳಿ ಬೇರೆ, ನಮ್ಮ ಚಳಿ ಬೇರೆ.

ನಮ್ಮ ಚಳಿಯ ಗುಣ

ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಆಕಾಶ ತಿಳಿಯಾಗಿ ಗಾಳಿ ನಿಂತ ರಾತ್ರಿಗಳಲ್ಲಿ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕಟ್ಟುತ್ತದೆ. ಆದರೆ ಇದು ಬೆಳಗಿನ ಜಾವದ ಚಳಿ, ಬಿಸಿಲೇರಿದರೆ ಕರಗುತ್ತದೆ. ನೆಲ ಆಳಕ್ಕೆ ಹೆಪ್ಪುಗಟ್ಟುವುದಿಲ್ಲ. ಇದರಿಂದ ಮೂರು ಸಂಗತಿಗಳನ್ನು ತಿಳಿಯಬೇಕು.

ಒಂದು: ಓಟ್ಸ್ ನಮ್ಮಲ್ಲಿ ತಾನಾಗಿ ಸಾಯುವುದಿಲ್ಲ. ತುದಿ ಸ್ವಲ್ಪ ಕಮರಬಹುದು, ಅಷ್ಟೆ. ಚಳಿಯೇ ಕೊಲ್ಲುತ್ತದೆಂದು ಕಾದು ಕುಳಿತರೆ ಅದು ತೆನೆ ಬಿಟ್ಟು ಬೀಜ ಉದುರಿಸಿ ಮುಂದಿನ ಬೆಳೆಯಲ್ಲಿ ಕಳೆಯಾಗುವುದು. ನಾವೇ ಕೊಯ್ಯಬೇಕು.

ಎರಡು: ಬಯಲುಸೀಮೆಯ ಹಸುರು ಗೊಬ್ಬರದ ಬೆಳೆಗಳಾದ ಅಪ್ಸೆಣಬು, ಅಲಸಂದೆ, ಹುರುಳಿ ನಮ್ಮ ಎತ್ತರದಲ್ಲಿ ಚಳಿಗೆ ಕುಗ್ಗುತ್ತವೆ, ಒಂದು ರಾತ್ರಿಯ ಹಿಮಕ್ಕೆ ಕಪ್ಪಾಗಿ ಬಾಡುತ್ತವೆ. ಅವು ಬೇಸಿಗೆಯ ಬೆಳೆಗಳು.

ಮೂರು: ಚಳಿಗಾಳಿ ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಒಬ್ಬ ರೈತನ ಮೇಲಿನ ಪಟ್ಟೆಯಲ್ಲಿ ಹಿಮವಿಲ್ಲದಿದ್ದರೂ ಹಳ್ಳದ ಬದಿಯ ಪಟ್ಟೆಯಲ್ಲಿ ಬೆಳ್ಳಗಿರಬಹುದು. ಎರಡು ಪಟ್ಟೆಗೂ ಒಂದೇ ಬೀಜ, ಒಂದೇ ದಿನ ಎನ್ನುವಂತಿಲ್ಲ. ತಗ್ಗಿನದನ್ನು ಮೊದಲು ಬಿತ್ತಬೇಕು.

ಇನ್ನೊಂದು ಎಚ್ಚರಿಕೆ. ಹಗಲಿನಲ್ಲಿ ಬಿಸಿಲು ಕುಡಿದ ತೇವದ ಬರಿನೆಲ ರಾತ್ರಿ ಸ್ವಲ್ಪ ಕಾವನ್ನು ಮೇಲಕ್ಕೆ ಬಿಡುತ್ತದೆ. ದಪ್ಪ ಹುಲ್ಲು ಹಾಸಿದ ನೆಲ ಹಾಗೆ ಬಿಡಲಾರದು. ಆದ್ದರಿಂದ ತಗ್ಗಿನಲ್ಲಿ ಹಿಮಕ್ಕೆ ಅಂಜುವ ಆಲೂಗಡ್ಡೆ ನಿಂತಿದ್ದರೆ ಅದರ ಸಾಲುಗಳ ನಡುವೆ ಚಳಿಗಾಲದಲ್ಲಿ ದಪ್ಪ ಹೊದಿಕೆ ಬೇಡ.

ಬೀಜ ಕೊಳ್ಳುವ ಮುನ್ನ ಐದು ಪ್ರಶ್ನೆ

ಮೊದಲನೆಯ ಪ್ರಶ್ನೆ: ನೆಲ ಎಷ್ಟು ದಿನ ಖಾಲಿ? ನೀಲಗಿರಿಯಲ್ಲಿ ಆಲೂಗಡ್ಡೆಗೆ ಮೂರು ಕಾಲಗಳುಂಟು. ಏಪ್ರಿಲಿನಲ್ಲಿ ನೆಟ್ಟದ್ದು ಆಗಸ್ಟ್ ಸೆಪ್ಟೆಂಬರಿಗೆ ಬರುತ್ತದೆ. ಆಗಸ್ಟ್ ಸೆಪ್ಟೆಂಬರಿನದು ಡಿಸೆಂಬರ್ ಜನವರಿಗೆ, ಜನವರಿ ಫೆಬ್ರವರಿಯದು ಬೇಸಿಗೆಗೆ. ಮೊದಲನೆಯ ಕಾಲದ ಬೆಳೆ ತೆಗೆದ ನೆಲ ಮುಂದಿನ ಫೆಬ್ರವರಿ ಅಥವಾ ಏಪ್ರಿಲಿನವರೆಗೆ ಖಾಲಿಯಿರುವುದಾದರೆ ಹೊದಿಕೆ ಬೆಳೆಗೆ ಅದೇ ತಕ್ಕ ಜಾಗ. ಡಿಸೆಂಬರಿನಲ್ಲಿ ಖಾಲಿಯಾಗುವ ನೆಲಕ್ಕೆ ಆಗ ಬೀಜ ಹಾಕಿ ಪ್ರಯೋಜನವಿಲ್ಲ. ಚಳಿಯಲ್ಲಿ ಪೈರು ಬೆರಳುದ್ದ ನಿಂತು ಕಾಲ ಕಳೆಯುತ್ತದೆ. ಅಂಥ ಕಡೆ ಎಲೆಕೋಸು ಕೊಯ್ಲಿಗೆ ಒಂದು ತಿಂಗಳ ಮುಂಚೆಯೇ ಸಾಲುಗಳ ನಡುವೆ ಓಟ್ಸ್ ಬೀಜವನ್ನು ಚೆಲ್ಲಿ, ಕೈಗುದ್ದಲಿಯಿಂದ ಕೆದಕಿ ಬಿಡಬಹುದು.

ಎರಡನೆಯ ಪ್ರಶ್ನೆ: ಮುಂದಿನ ಬೆಳೆ ಯಾವುದು? ಎಲೆಕೋಸು, ಹೂಕೋಸು ಮುಂದಿನ ಬೆಳೆಯಾದರೆ ಸಾಸಿವೆ, ಮೂಲಂಗಿಗಳನ್ನು ಹೊದಿಕೆಯಾಗಿ ಬಿತ್ತಲೇಬಾರದು. ಅವೆಲ್ಲ ಒಂದೇ ಮನೆತನದವು. ಬೇರು ಗದೆಯಂತೆ ಊದಿಕೊಳ್ಳುವ ಕ್ಲಬ್‌ರೂಟ್ ರೋಗ ನಮ್ಮ ಬೆಟ್ಟದಲ್ಲಿ ಇದೆ. ಹುಳಿ ಮಣ್ಣಿನಲ್ಲಿ ಇದು ಹೆಚ್ಚುತ್ತದೆ. ಸಾಸಿವೆ ಬಿತ್ತುವುದೆಂದರೆ ಆ ರೋಗಕ್ಕೆ ಊಟ ಹಾಕಿ ಸಾಕಿದಂತೆ. ಕ್ಯಾರೆಟ್ ಮುಂದಿನ ಬೆಳೆಯಾದರೆ ಹೊದಿಕೆ ಪೂರ್ತಿ ಕೊಳೆತಿರಬೇಕು. ಅರೆಕೊಳೆತ ಕಡ್ಡಿ ತಾಗಿದ ಬೇರು ಕವಲೊಡೆಯುತ್ತದೆ. ಬೇರಿನಲ್ಲಿ ಸಣ್ಣ ಗಂಟು ಕಟ್ಟಿಸುವ ಜಂತುಹುಳುವಿನ ಕಾಟ ಕ್ಯಾರೆಟ್ ನೆಲದಲ್ಲಿದ್ದರೆ ದ್ವಿದಳಕ್ಕಿಂತ ಓಟ್ಸ್ ಲೇಸು. ಚಳಿಸೀಮೆಯಲ್ಲಿ ಕಾಣುವ ಆ ಜಂತುವಿನ ಜಾತಿಗೆ ಹುಲ್ಲಿನ ಕುಲದ ಬೆಳೆಗಳು ಆಹಾರವಾಗುವುದಿಲ್ಲ.

ಮೂರನೆಯ ಪ್ರಶ್ನೆ: ಮಣ್ಣು ಎಷ್ಟು ಹುಳಿ? ನೀಲಗಿರಿಯ ಮಣ್ಣು ಸಾಮಾನ್ಯವಾಗಿ ಹುಳಿಯದು. ರಂಜಕವು ಕಬ್ಬಿಣ, ಅಲ್ಯೂಮಿನಿಯಮ್‌ಗಳಿಗೆ ಅಂಟಿಕೊಂಡು ಗಿಡಕ್ಕೆ ದಕ್ಕದೆ ಹೋಗುತ್ತದೆ. ಬಟಾಣಿ, ವೆಚ್ ಮುಂತಾದವುಗಳ ಬೇರುಗಂಟು ಬಹಳ ಹುಳಿಯಾದ ಮಣ್ಣಿನಲ್ಲಿ ಸರಿಯಾಗಿ ಕಟ್ಟುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಅವರು ಹೇಳಿದಷ್ಟು ಸುಣ್ಣವನ್ನು ಮುಂಚಿತವಾಗಿ ಹಾಕಿದ ನೆಲಕ್ಕೆ ಮಾತ್ರ ಇವು ತಕ್ಕವು.

ನಾಲ್ಕನೆಯ ಪ್ರಶ್ನೆ: ನಮಗೆ ಬೇಕಾದದ್ದು ಮಣ್ಣಿನ ಕಾವಲೋ, ಗೊಬ್ಬರವೋ? ಇಳಿಜಾರಿನ ನೆಲಕ್ಕೆ ಕಾವಲು ಮೊದಲು. ಬೇಗನೆ ಎದ್ದು, ಜಾಲದಂತೆ ಬೇರು ಬಿಡುವ ಹುಲ್ಲಿನ ಕುಲದ ಬೆಳೆ ಅಲ್ಲಿ ಇರಲೇಬೇಕು. ಸಮವಾಗಿ ಮಟ್ಟ ಮಾಡಿದ ಮೆಟ್ಟಿಲು ಹೊಲಕ್ಕೆ ದ್ವಿದಳವೊಂದೇ ಸಾಕು.

ಐದನೆಯ ಪ್ರಶ್ನೆ: ಕಾಡುಕೋಣ, ಕಾಡುಹಂದಿಗಳ ಕಾಟ ಎಷ್ಟು? ಸುತ್ತಲಿನ ಹುಲ್ಲು ಒಣಗಿದ ಕಾಲದಲ್ಲಿ ಹಸುರಾಗಿ ನಿಂತ ಓಟ್ಸ್ ಪಟ್ಟೆ ಕಾಡುಕೋಣಕ್ಕೆ ಕಳುಹಿಸಿದ ಕರೆಯೋಲೆಯೇ ಸರಿ. ಕಾಡಿನ ಅಂಚಿನವರು ಇದನ್ನು ಮರೆಯಬಾರದು.

ಬೆಳೆಗಳ ಗುಣದೋಷಗಳು

ಲುಪಿನ್: ನೀಲಗಿರಿಯಲ್ಲಿ ಹಿಂದಿನಿಂದಲೂ ಹಸುರು ಗೊಬ್ಬರಕ್ಕಾಗಿ ಬೆಳೆಸುತ್ತ ಬಂದ ದ್ವಿದಳ ಗಿಡವಿದು. ಹುಳಿ ಮಣ್ಣನ್ನು ತಾಳುವುದೇ ಇದರ ದೊಡ್ಡ ಗುಣ. ಬಿಳಿ ಲುಪಿನ್ ತನ್ನ ಬೇರಿನಿಂದ ನಿಂಬೆಹುಳಿಯಂಥ ದ್ರವವನ್ನು ಒಸರಿಸಿ, ಮಣ್ಣಿಗಂಟಿದ ರಂಜಕವನ್ನು ಬಿಡಿಸಿಕೊಳ್ಳುತ್ತದೆ. ಗಿಡ ಕೊಳೆತ ಮೇಲೆ ಅದರಲ್ಲೊಂದು ಪಾಲು ಮುಂದಿನ ಬೆಳೆಗೆ ಸಿಗುತ್ತದೆ. ಅಲ್ಪ ಹಿಮಕ್ಕೆ ಅಂಜುವುದಿಲ್ಲ. ಕಹಿ ಜಾತಿಯ ಲುಪಿನ್ನನ್ನು ದನ ಮೇಯಲು ಹಿಂಜರಿಯುತ್ತದೆ, ಕಾಡುಮೃಗಗಳ ಕಾಟವೂ ಕಡಿಮೆ. ಆದರೆ ಅದೇ ಕಹಿ ವಿಷವೂ ಹೌದು. ಹಸು ಕುರಿಗಳನ್ನು ಆ ಪಟ್ಟೆಗೆ ಬಿಡಬೇಡಿರಿ. ಬೀಜ ಮಕ್ಕಳ ಕೈಗೆ ಸಿಗದಿರಲಿ. ಮೊದಲಿಗೆ ನಿಧಾನವಾಗಿ ಬೆಳೆಯುವುದರಿಂದ ಒಮ್ಮೆ ಕಳೆ ತೆಗೆಯಬೇಕಾಗುತ್ತದೆ.

ಲುಪಿನ್ನಿಗೆ ಅದರದೇ ಜಾತಿಯ ಜೀವಾಣು ಬೇಕು. ಲುಪಿನ್ ಎಂದೂ ಬೆಳೆಯದ ನೆಲದಲ್ಲಿ ಬೇರುಗಂಟು ಕಟ್ಟದೆ ಹೋಗಬಹುದು. ಹಿಂದೆ ಇದಕ್ಕೆ ಹಳೆಯ ಲುಪಿನ್ ಹೊಲದಿಂದ ಬುಟ್ಟಿ ಮಣ್ಣು ತಂದು ಎರಚುವ ಉಪಾಯವಿತ್ತು. ಇನ್ನೊಬ್ಬರ ಆಲೂಗಡ್ಡೆ ಹೊಲದ ಮಣ್ಣನ್ನು ಹಾಗೆ ತರುವುದು ಈಗ ಸಲ್ಲದು. ಏತಕ್ಕೆಂದು ಮುಂದೆ ಹೇಳುತ್ತೇವೆ. ಲುಪಿನ್ನಿಗೆ ತಕ್ಕ ಜೀವಾಣು ಗೊಬ್ಬರದ ಪೊಟ್ಟಣವನ್ನು ಕೇಳಿ ತಂದು ಬೀಜಕ್ಕೆ ಲೇಪಿಸುವುದು ಒಳ್ಳೆಯದು.

ಓಟ್ಸ್: ಮೇವಿಗೆಂದು ಮಾರುವ ಓಟ್ಸ್ ಬೀಜವೇ ಸಾಕು. ವಾರ ಹತ್ತು ದಿನದಲ್ಲಿ ಎದ್ದು ನೆಲ ಹಿಡಿಯುತ್ತದೆ, ಕಳೆಯನ್ನು ಅಡಗಿಸುತ್ತದೆ. ಸಾರಜನಕ ತರುವುದಿಲ್ಲ, ಇದ್ದುದನ್ನು ಪೋಲಾಗದಂತೆ ಹಿಡಿದಿಡುತ್ತದೆ. ಮನೆಯಲ್ಲಿ ಹಾಲಿನ ಹಸುವಿದ್ದರೆ ಒಂದು ಸಲ ಮೇವು ಕೊಯ್ದುಕೊಳ್ಳಬಹುದು. ಹಾಗೆ ಕೊಯ್ದರೆ ಗೊಬ್ಬರದ ಲಾಭ ಅರ್ಧ ಹೋಯಿತೆಂದು ತಿಳಿಯಿರಿ. ಬೇರಿನ ಲಾಭ ಉಳಿಯುತ್ತದೆ. ಹಸುವಿನ ಸಗಣಿ ಆ ಪಟ್ಟೆಗೇ ಮರಳಲಿ.

ಬಟಾಣಿ: ಬೀಜ ಎಲ್ಲೆಲ್ಲಿಯೂ ಸಿಗುತ್ತದೆ. ಎಳೆಯ ಗಿಡ ಹಿಮ ತಾಳುತ್ತದೆ. ಹೂವು ಕಾಯಿಗಳು ತಾಳುವುದಿಲ್ಲ. ಹಿಮ ಬೀಳದ ಮೇಲಿನ ಪಟ್ಟೆಯಲ್ಲಿ ಒಂದೆರಡು ಕೊಯ್ಲು ಹಸಿಕಾಯಿ ಕಿತ್ತು ಮಾರಿ, ಬಳ್ಳಿಯನ್ನು ಮಣ್ಣಿಗೆ ಸೇರಿಸುವುದು ಬಡ ರೈತನಿಗೆ ನಡುದಾರಿ. ಕಾಯಿಯ ಜೊತೆಗೆ ಸಾರಜನಕದ ಬಹುಪಾಲು ಹೋಗುವುದೆಂಬುದು ಮಾತ್ರ ನೆನಪಿರಲಿ.

ಓಟ್ಸ್ ಮತ್ತು ಬಟಾಣಿ ಬೆರಕೆ: ಇಳಿಜಾರಿನ, ಸುಣ್ಣ ಹಾಕಿದ ನೆಲಕ್ಕೆ ನಮ್ಮ ಮೊದಲ ಸಲಹೆ ಇದೇ. ಓಟ್ಸ್ ಮಣ್ಣು ಹಿಡಿಯುತ್ತದೆ, ಬಟಾಣಿಗೆ ಆಸರೆಯಾಗುತ್ತದೆ. ಬಟಾಣಿ ಸಾರ ಕೊಡುತ್ತದೆ. ಎರಡೂ ಬೆರೆತ ಸೊಪ್ಪು ಹಿತವಾಗಿ ಕೊಳೆಯುತ್ತದೆ.

ಗೋಧಿ, ಬಾರ್ಲಿ: ಇವನ್ನು ಹೊದಿಕೆಗಾಗಿ ಬಿತ್ತಬೇಡಿರಿ. ಕಾರಣ ಕೇಳಿದರೆ ಆಶ್ಚರ್ಯವಾದೀತು. ಗೋಧಿಯ ತುಕ್ಕುರೋಗದ ಧೂಳು ಬಯಲಿನ ಬಿಸಿಲುಗಾಲವನ್ನು ಬದುಕಿ ದಾಟಲಾರದು. ತಂಪಾದ ಬೆಟ್ಟಗಳ ಮೇಲೆ ಆ ಕಾಲದಲ್ಲಿ ನಿಂತ ಪೈರಿನಲ್ಲಿ ಉಳಿದು, ಅಲ್ಲಿಂದ ಗಾಳಿಯಲ್ಲಿ ಬಯಲಿಗೆ ಇಳಿಯುತ್ತದೆ. ಕರಮ್ ಚಂದ್ ಮೆಹ್ತಾ ಎಂಬ ವಿಜ್ಞಾನಿಗಳು ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿಯೇ ಇದನ್ನು ತೋರಿಸಿಕೊಟ್ಟರು. ದಕ್ಷಿಣದಲ್ಲಿ ಹಾಗೆ ರೋಗಕ್ಕೆ ತೌರಾಗಿರುವುದು ನೀಲಗಿರಿ, ಪಳನಿ ಬೆಟ್ಟಗಳು. ನಾವು ಇಲ್ಲಿ ಅಕಾಲದಲ್ಲಿ ನಿಲ್ಲಿಸಿದ ಗೋಧಿಯಿಂದ ದೂರದ ಬಯಲಿನ ಗೋಧಿಗೂ ಕೇಡಾಗಬಹುದು. ಬಾರ್ಲಿಗೂ ಕಪ್ಪು ತುಕ್ಕು ಹತ್ತುತ್ತದೆ.

ಆಲೂಗಡ್ಡೆ ಹೊಲದ ವಿಶೇಷ ಎಚ್ಚರ

1961ರಲ್ಲಿ ಉದಕಮಂಡಲದ ಬಳಿ ಜೋನ್ಸ್ ಎಂಬ ಇಂಗ್ಲಿಷ್ ವಿಜ್ಞಾನಿಗಳು ಆಲೂಗಡ್ಡೆಯ ಬೇರಿನಲ್ಲಿ ಚಿನ್ನದ ಬಣ್ಣದ ಸಾಸಿವೆಗಿಂತ ಚಿಕ್ಕ ಕೋಶಗಳನ್ನು ಕಂಡು, ಕೋಶದ ಜಂತುಹುಳು ಭಾರತದಲ್ಲಿಯೂ ಇದೆಯೆಂದು ಮೊದಲ ಬಾರಿಗೆ ಗುರುತಿಸಿದರು. ಒಂದೊಂದು ಕೋಶದಲ್ಲಿ ನೂರಾರು ಮೊಟ್ಟೆಗಳು. ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಈ ಹುಳು ಬದುಕುವುದು ಆಲೂಗಡ್ಡೆ, ಟೊಮೆಟೊ, ಬದನೆಯ ಕುಲದ ಮೇಲೆ ಮಾತ್ರ. ಲುಪಿನ್, ಓಟ್ಸ್, ಬಟಾಣಿ ಯಾವುದೂ ಇದಕ್ಕೆ ಆಹಾರವಲ್ಲ. ಆಲೂಗಡ್ಡೆಯಿಲ್ಲದ ಒಂದೊಂದು ಕಾಲವೂ ಈ ಹುಳುವಿಗೆ ಉಪವಾಸದ ಕಾಲವೇ.

ಆದರೆ ಒಂದು ಮಾತು. ಅಗೆಯುವಾಗ ಉಳಿದ ಸಣ್ಣ ಗೆಡ್ಡೆಗಳು ಹೊದಿಕೆ ಬೆಳೆಯ ನಡುವೆ ಮೊಳೆತು ಏಳುತ್ತವೆ. "ಇರಲಿ, ನಾಲ್ಕು ಗೆಡ್ಡೆ ಮನೆಗಾಯಿತು" ಎಂದು ಬಿಟ್ಟರೆ ಉಪವಾಸ ಮುರಿದಂತೆ. ಹುಳುವಿಗೆ ಊಟ ಸಿಕ್ಕಿತು, ಅಂಗಮಾರಿ ರೋಗಕ್ಕೆ ಮನೆ ಸಿಕ್ಕಿತು. ಹದಿನೈದು ದಿನಕ್ಕೊಮ್ಮೆ ಹೊಲದಲ್ಲಿ ನಡೆದು ಅಂಥ ಗಿಡಗಳನ್ನು ಗೆಡ್ಡೆ ಸಹಿತ ಕಿತ್ತು ಹಾಕಬೇಕು. ಬೇರೆ ಹೊಲದ ಮಣ್ಣನ್ನು ತರಬಾರದೆಂದು ಮೇಲೆ ಹೇಳಿದ್ದೂ ಈ ಕೋಶಗಳ ಭಯದಿಂದಲೇ. ಗುದ್ದಲಿ, ಬುಟ್ಟಿ, ಕಾಲಿನ ಮಣ್ಣಿನಲ್ಲಿಯೂ ಅವು ಪ್ರಯಾಣ ಮಾಡುತ್ತವೆ.

ಬಿತ್ತುವ ಕ್ರಮ

ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದೊಳಗೆ ಬಿತ್ತನೆ ಮುಗಿಯಬೇಕು. ಹಿಂಗಾರಿನ ದೊಡ್ಡ ಮಳೆ ಬರುವ ಹೊತ್ತಿಗೆ ಪೈರು ಗೇಣುದ್ದವಾದರೂ ಇರಬೇಕು. ಒಂದು ವರ್ಷ ನಾವು ಸಂತೆ, ಮದುವೆ ಎಂದು ತಡಮಾಡಿ ನವೆಂಬರಿನಲ್ಲಿ ಓಟ್ಸ್ ಚೆಲ್ಲಿದೆವು. ಬೀಜದ ಅರ್ಧ ಮಳೆಯಲ್ಲಿ ಕೊಚ್ಚಿ ಕೆಳಗಿನ ಹಳ್ಳ ಸೇರಿತು. ಉಳಿದದ್ದು ಚಳಿಗೆ ಕುಗ್ಗಿ ನಿಂತಿತು. ತಡವಾದ ಹೊದಿಕೆ ಹೊದಿಕೆಯೇ ಅಲ್ಲ.

ಆಳವಾಗಿ ಅಗೆಯಬೇಕಿಲ್ಲ. ಗೆಡ್ಡೆ ತೆಗೆದ ನೆಲ ಸಡಿಲವಾಗಿಯೇ ಇದೆ. ಸಾಲುಗಳನ್ನು ಇಳಿಜಾರಿಗೆ ಅಡ್ಡಲಾಗಿ ಎಳೆದು, ಬೀಜ ಹಾಕಿ, ತೆಳ್ಳಗೆ ಮಣ್ಣು ಮುಚ್ಚಿ, ಕಾಲಿನಿಂದ ಮೆಟ್ಟಿರಿ. ಒಂದು ಸೆಂಟು ಎಂದರೆ ಸುಮಾರು 40 ಚದರ ಮೀಟರ್. ಅಷ್ಟಕ್ಕೆ ಓಟ್ಸ್ ಒಂದೇ ಆದರೆ ಅರ್ಧ ಕಿಲೋ; ಬಟಾಣಿ ಒಂದೇ ಆದರೆ ಸುಮಾರು ಅರ್ಧ ಕಿಲೋ; ಲುಪಿನ್ ಕೂಡ ಅಷ್ಟೆ. ಬೆರಕೆಯಾದರೆ ಓಟ್ಸ್ 200 ಗ್ರಾಂ, ಬಟಾಣಿ 300 ಗ್ರಾಂ. ಬಟಾಣಿ ಬೀಜ ದಪ್ಪ, ಒಂದೂವರೆ ಅಂಗುಲ ಆಳ ಬೇಕು. ಆದ್ದರಿಂದ ಅದನ್ನು ಮೊದಲು ಸಾಲಿನಲ್ಲಿ ಹಾಕಿ, ಓಟ್ಸನ್ನು ಅನಂತರ ಮೇಲೆ ಚೆಲ್ಲಿರಿ.

ಕೊಯ್ದು ಮಣ್ಣಿಗೆ ಸೇರಿಸುವುದು

ಹೊದಿಕೆ ಬೆಳೆಯಲ್ಲಿ ಸೋಲುವವರು ಹೆಚ್ಚಾಗಿ ಸೋಲುವುದು ಇಲ್ಲಿಯೇ. ಹಸುರಾಗಿ ಕಣ್ಣಿಗೆ ತಂಪಾಗಿ ನಿಂತ ಬೆಳೆಯನ್ನು ಕೊಯ್ಯಲು ಮನಸ್ಸು ಬರುವುದಿಲ್ಲ. ದಿನ ಮುಂದೂಡುತ್ತೇವೆ. ಗಿಡ ಬಲಿಯುತ್ತದೆ.

ಬಲಿತರೇನು ತೊಂದರೆ? ಎಳೆಯ ದ್ವಿದಳ ಸೊಪ್ಪಿನಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ ಹತ್ತು ಹದಿನೈದು ಪಾಲು ಇರುತ್ತದೆ. ಬಲಿತು ಒಣಗಿದ ಹುಲ್ಲಿನಲ್ಲಿ ಎಂಬತ್ತು ಪಾಲಿನವರೆಗೂ ಇರಬಹುದು. ಇಂಗಾಲ ಇಪ್ಪತ್ತೈದು ಮೂವತ್ತು ಪಾಲನ್ನು ಮೀರಿದರೆ, ಅದನ್ನು ಕೊಳೆಯಿಸುವ ಜೀವಾಣುಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಕಿತ್ತುಕೊಳ್ಳುತ್ತವೆ. ಮುಂದಿನ ಬೆಳೆ ಹಳದಿಯಾಗಿ ನಿಲ್ಲುತ್ತದೆ. ರೈತ "ಗೊಬ್ಬರಕ್ಕೆಂದು ಬೆಳೆಸಿದ್ದು ಗೊಬ್ಬರವನ್ನೇ ತಿಂದಿತು" ಎಂದು ದೂರುತ್ತಾನೆ. ತಪ್ಪು ಬೆಳೆಯದಲ್ಲ, ಕಾಲದ್ದು. ಲುಪಿನ್, ಬಟಾಣಿಗಳನ್ನು ಮೊದಲ ಹೂ ಕಂಡಾಗ, ಓಟ್ಸನ್ನು ತೆನೆ ಹೊರಬರುವ ಮುನ್ನ ಕೊಯ್ಯತಕ್ಕದ್ದು.

ನೀರಿನ ವಿಚಾರವೂ ಉಂಟು. ಜನವರಿಯಿಂದ ಮಾರ್ಚಿನವರೆಗೆ ನಮ್ಮಲ್ಲಿ ಮಳೆ ಕಡಿಮೆ. ಹಸುರಾಗಿ ನಿಂತ ಬೆಳೆ ದಿನವೂ ಮಣ್ಣಿನ ತೇವವನ್ನು ಕುಡಿಯುತ್ತದೆ. ನೀರಾವರಿಯಿಲ್ಲದವರು ಡಿಸೆಂಬರ್ ಕೊನೆ, ಹೆಚ್ಚೆಂದರೆ ಜನವರಿ ಮೊದಲ ವಾರದೊಳಗೆ ಕೊಯ್ದು ಬಿಡಬೇಕು. ಇಳಿಜಾರಿನಲ್ಲಿ ಕೊಯ್ದ ಸೊಪ್ಪನ್ನು ಕೂಡಲೇ ಹೂಳದೆ ನೆಲದ ಮೇಲೆಯೇ ಹರಡಿದರೆ ತೇವ ಆರದು. ಬೇರು ಮಣ್ಣಿನಲ್ಲಿಯೇ ಇದ್ದು ಕಾವಲು ಮುಂದುವರಿಯುತ್ತದೆ. ನಾಟಿಗೆ ಮುಂಚೆ ಮೇಲಿನ ನಾಲ್ಕು ಅಂಗುಲ ಮಣ್ಣಿಗೆ ಬೆರೆಸಿದರೆ ಸಾಕು. ಬಯಲಿನಲ್ಲಿ ಹದಿನೈದು ದಿನದಲ್ಲಿ ಕೊಳೆಯುವ ಸೊಪ್ಪು ನಮ್ಮ ತಣ್ಣನೆಯ ಮಣ್ಣಿನಲ್ಲಿ ನಾಲ್ಕರಿಂದ ಆರು ವಾರ ತೆಗೆದುಕೊಳ್ಳಬಹುದು. ಅಷ್ಟು ದಿನ ಬಿಡದೆ ಕ್ಯಾರೆಟ್, ಬೀಟ್‌ರೂಟ್‌ನಂಥ ಸಣ್ಣ ಬೀಜ ಬಿತ್ತಿದರೆ ಮೊಳಕೆ ಕೊಳೆಯುತ್ತದೆ.

ಲೆಕ್ಕ ಹಾಕಿ ನೋಡೋಣ

ಕೊಯ್ಯುವ ದಿನ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗದ ಸೊಪ್ಪನ್ನು ಕೊಯ್ದು ತೂಗಿರಿ. ಬಟಾಣಿ ಅಥವಾ ಲುಪಿನ್ ಒಂದು ಕಿಲೋ ತೂಗಿತೆನ್ನಿ. ಸೆಂಟಿಗೆ 40 ಕಿಲೋ ಹಸಿ ಸೊಪ್ಪಾಯಿತು. ಒಣಗಿದರೆ ಸುಮಾರು 7 ಕಿಲೋ. ಅದರಲ್ಲಿ ನೂರಕ್ಕೆ ಮೂರೂವರೆಯಂತೆ ಸುಮಾರು 250 ಗ್ರಾಂ ಸಾರಜನಕ. ಇದು ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ಯೂರಿಯಾಕ್ಕೆ ಸಮ. ಇದರಲ್ಲಿ ಸುಮಾರು ಅರ್ಧ ಮಾತ್ರ ಮುಂದಿನ ಬೆಳೆಗೆ ಸಿಗುತ್ತದೆ, ಉಳಿದದ್ದು ನಿಧಾನವಾಗಿ.

ಯೂರಿಯಾದ ಬೆಲೆಯಲ್ಲಿ ಮಾತ್ರ ತೂಗಿದರೆ ಇದು ದೊಡ್ಡ ಲಾಭವಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು. ಆ ಹಿರಿಯ ರೈತರ ಪ್ರಶ್ನೆಗೆ ಉತ್ತರ ಬೇರೆ ಕಡೆ ಇದೆ. ಒಂದು ಸೆಂಟಿನ ಮೇಲಿಂದ ಒಂದೇ ಒಂದು ಮಿಲಿಮೀಟರ್ ಮಣ್ಣು ಕೊಚ್ಚಿಹೋಯಿತೆಂದರೆ ಸುಮಾರು 40 ಕಿಲೋ ಮಣ್ಣು ಹೋಯಿತು. ಎಂಟು ಸೆಂಟಿನ ಪಟ್ಟೆಯಿಂದ 320 ಕಿಲೋ. ಹೋಗುವುದು ಅಡಿಯ ಗಟ್ಟಿ ಮಣ್ಣಲ್ಲ. ಗೊಬ್ಬರ ಬೆರೆತ ಮೇಲಿನ ಕಪ್ಪು ಮಣ್ಣು. ಯೂರಿಯಾ ಅಂಗಡಿಯಲ್ಲಿ ಸಿಗುತ್ತದೆ. ಈ ಮಣ್ಣು ಯಾವ ಅಂಗಡಿಯಲ್ಲಿ ಸಿಕ್ಕೀತು?

ಹೆಚ್ಚು ಹೇಳಿ ಆಸೆ ಹುಟ್ಟಿಸುವುದೂ ತಪ್ಪು. 2009ರ ನವೆಂಬರಿನಲ್ಲಿ ಕೇತಿ, ಕೂನೂರು ಕಡೆ ಸುರಿದಂಥ ಮಳೆಗೆ ಗುಡ್ಡವೇ ಜಾರಿದಾಗ ಓಟ್ಸಿನ ಬೇರು ಏನೂ ಮಾಡಲಾರದು. ಅದಕ್ಕೆ ನೀರು ಹರಿದು ಹೋಗುವ ಕಾಲುವೆ, ಮಟ್ಟದ ಬದು, ಮರಗಳು ಬೇಕು. ಆದರೆ ಪ್ರತಿ ವರ್ಷವೂ, ಪ್ರತಿ ಮಳೆಗೂ, ಸದ್ದಿಲ್ಲದೆ ಬೆರಳಿನಷ್ಟು ಬೆರಳಿನಷ್ಟಾಗಿ ಹೋಗುವ ಮಣ್ಣನ್ನು ಅದು ಖಂಡಿತ ಹಿಡಿಯುತ್ತದೆ.

ಸಣ್ಣ ಹಿಡುವಳಿಯವರಿಗೆ ಉಪಾಯ

ಇಡೀ ಹೊಲವನ್ನು ಒಮ್ಮೆಲೇ ಬಿಡಬೇಕಿಲ್ಲ. ಮೂವತ್ತು ಸೆಂಟನ್ನು ನಾಲ್ಕು ಪಾಲು ಮಾಡಿರಿ. ಈ ವರ್ಷ ಅತಿ ಹೆಚ್ಚು ಇಳಿಜಾರಿನ ಒಂದು ಪಾಲಿಗೆ ಮಾತ್ರ ಹೊದಿಕೆ ಬೆಳೆ. ಉಳಿದ ಮೂರರಲ್ಲಿ ಎಂದಿನ ತರಕಾರಿ. ಮುಂದಿನ ವರ್ಷ ಇನ್ನೊಂದು ಪಾಲು. ನಾಲ್ಕು ವರ್ಷಕ್ಕೆ ಒಂದು ಸುತ್ತು. ಪಾಲಿಗೆ ಬೀಜದ ಖರ್ಚು ನಾಲ್ಕು ಕಿಲೋ ಮೀರದು. ಹೊದಿಕೆ ಬೆಳೆದ ಪಾಲಿನಲ್ಲಿಯೂ ಬೆಳೆಯದ ಪಾಲಿನಲ್ಲಿಯೂ ಮುಂದಿನ ಬೆಳೆ ಎಷ್ಟು ಮೂಟೆ ಬಂದಿತೆಂದು ಗೋಡೆಯ ಮೇಲೆ ಬರೆದಿಡಿ. ನಮ್ಮ ಮಾತಿಗಿಂತ ಆ ಗೋಡೆಯ ಮಾತನ್ನು ನಂಬಿರಿ.

ಬೇರೆ ಗಡಿಸೀಮೆಯವರಿಗೆ ಒಂದು ಮಾತು

ತಾಳವಾಡಿ, ಹೊಸೂರು, ವಯನಾಡಿನ ಓದುಗರು "ನಮಗೇನು?" ಎನ್ನಬಹುದು. ನಿಮ್ಮಲ್ಲಿ ತಂಪಿದ್ದರೂ ನೀಲಗಿರಿಯ ಎತ್ತರದ ಹಿಮವಿಲ್ಲ. ಹುರುಳಿ, ಅಲಸಂದೆ, ಅಪ್ಸೆಣಬುಗಳೇ ನಿಮಗೆ ಸಾಕು. ದುಬಾರಿ ಬೀಜ ಹುಡುಕಬೇಡಿರಿ. ಆದರೆ ಆರಿಸುವ ಐದು ಪ್ರಶ್ನೆಗಳು ನಿಮಗೂ ಅವೇ. ಹೂವಿನ ಕಾಲಕ್ಕೆ ಕೊಯ್ಯುವ ನಿಯಮವೂ ಅದೇ.

ನಮ್ಮ ಬೆಟ್ಟದ ಹಿರಿಯರು ರಾಗಿ, ಸಾಮೆ, ಕೊರಲೆ ಬೆಳೆದ ಕಾಲದಲ್ಲಿ ಒಂದಷ್ಟು ನೆಲವನ್ನು ಬೀಳುಬಿಟ್ಟು, ಹುಲ್ಲು ಮುಚ್ಚಿದ ಮೇಲೆ ಮರಳಿ ಉಳುತ್ತಿದ್ದರು. ಹುಲ್ಲೇ ಅವರ ಹೊದಿಕೆ ಬೆಳೆ. ಅಷ್ಟು ವರ್ಷ ಬೀಳುಬಿಡುವ ನೆಲ ನಮಗೆ ಉಳಿದಿಲ್ಲ. ಮೂರು ತಿಂಗಳಾದರೂ ಬಿಡಬಲ್ಲೆವು. ಗೆಡ್ಡೆ ಅಗೆದ ಗುದ್ದಲಿಯನ್ನು ಮೂಲೆಗಿಡುವ ಮುನ್ನವೇ ಬೀಜವನ್ನು ಮನೆಗೆ ತಂದಿಟ್ಟುಕೊಳ್ಳಿರಿ. ಈ ಹಿಂಗಾರಿನಲ್ಲಿ ನಿಮ್ಮ ಪಟ್ಟೆಯಿಂದ ಇಳಿಯುವ ನೀರು ತಿಳಿಯಾಗಿ ಇಳಿಯಲಿ.